ಆಟೋ ಟ್ಯೂನರ್: ಒಂದೇ ತಂತಿಯಲ್ಲಿ ಹಲವು ಬ್ಯಾಂಡ್

ಆಟೋ ಟ್ಯೂನರ್ ಅಂದರೆ ಹವ್ಯಾಸಿ ರೇಡಿಯೊಗೂ ಆಂಟೆನಾ ತಂತಿಗೂ ನಡುವೆ ಕೂರುವ ಪೆಟ್ಟಿಗೆ. ಅದು ಆಂಟೆನಾವನ್ನು ಬದಲಿಸುವುದಿಲ್ಲ. ತಂತಿಯ ಇಂಪಿಡೆನ್ಸ್ (ರೇಡಿಯೊ ಸಿಗ್ನಲ್‌ಗೆ ಅದು ಒಡ್ಡುವ ತಡೆ) ಒಂದೊಂದು ಆವರ್ತನಕ್ಕೆ ಒಂದೊಂದು ಥರ. ರೇಡಿಯೊಗೆ ಬೇಕಾದದ್ದು 50 ಓಂ. ನಡುವೆ ಕಾಯಿಲ್, ಕೆಪಾಸಿಟರ್ ಸೇರಿಸಿ ಆ 50 ಓಂ ಕಾಣಿಸುವುದಷ್ಟೇ ಅದರ ಕೆಲಸ.

7.1 ಮೆಗಾಹರ್ಟ್ಸ್‌ನಲ್ಲಿ ಆಂಟೆನಾ 200 ಓಂ ಇದೆಯೆನ್ನಿ. ಸರಣಿಯಲ್ಲಿ 1.94 ಮೈಕ್ರೊಹೆನ್ರಿ ಕಾಯಿಲ್, ಆಂಟೆನಾ ಬದಿಯಿಂದ ಗ್ರೌಂಡ್‌ಗೆ 194 ಪಿಕೊಫ್ಯಾರಡ್ ಬೇಕು. ಅದೇ 200 ಓಂ 14.2ರಲ್ಲಿ ಬಂದರೆ ಎರಡೂ ಅರ್ಧ ಸಾಕು. ಈ ಮೌಲ್ಯಗಳಿಗಾಗಿ ಪೆಟ್ಟಿಗೆಯೊಳಗೆ 0.05, 0.1, 0.2 ಎಂದು ದುಪ್ಪಟ್ಟಾಗುತ್ತಾ 3.2 ಮೈಕ್ರೊಹೆನ್ರಿವರೆಗೆ ಏಳು ಕಾಯಿಲ್‌ಗಳು, 10ರಿಂದ 640 ಪಿಕೊಫ್ಯಾರಡ್‌ವರೆಗೆ ಏಳು ಕೆಪಾಸಿಟರ್‌ಗಳಿದ್ದರೆ, ಒಂದೊಂದಕ್ಕೂ ಒಂದು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್). 1.6, 0.2, 0.1, 0.05 ಸೇರಿದರೆ 1.95 ಸಿಕ್ಕಿತು. ಆಂಟೆನಾ 50 ಓಂಗಿಂತ ಕಡಿಮೆಯಿದ್ದರೆ ಕೆಪಾಸಿಟರನ್ನು ರೇಡಿಯೊ ಬದಿಗೆ ಹಾಕಲು ಇನ್ನೊಂದು ರಿಲೇ. ಒಟ್ಟು 32,768 ಜೋಡಣೆಗಳು. ಮೈಕ್ರೊಕಂಟ್ರೋಲರ್ ಎಸ್‌ಡಬ್ಲ್ಯುಆರ್ (ಹೊಂದಿಕೆ ಎಷ್ಟು ತಪ್ಪಿದೆ ಎಂದು ತೋರಿಸುವ ಅನುಪಾತ, 1 ಎಂದರೆ ಪೂರ್ತಿ ಹೊಂದಿಕೆ) ಅಳೆಯುತ್ತಾ ಅವುಗಳಲ್ಲಿ ಹುಡುಕುತ್ತದೆ, ಸಿಕ್ಕಿದ್ದನ್ನು ಆವರ್ತನದ ಜೊತೆ ನೆನಪಿಟ್ಟುಕೊಳ್ಳುತ್ತದೆ.

ಟ್ಯೂನ್ ಮಾಡುವಾಗ ಮೊದಲು ಆವರ್ತನ ಖಾಲಿಯಿದೆಯೇ ಕೇಳಿಸಿಕೊಳ್ಳಿ. ಪವರ್ 10 ವಾಟ್‌ಗೆ ಇಳಿಸಿ, ಎಎಂ ಅಥವಾ ಎಫ್‌ಎಂಗೆ ಹಾಕಿ. ಎಸ್‌ಎಸ್‌ಬಿಯಲ್ಲಿ (ಕ್ಯಾರಿಯರ್ ಇಲ್ಲದ ಮಾತಿನ ವಿಧಾನ) ಮಾತಾಡದೆ ಸಿಗ್ನಲ್ಲೇ ಹೊರಡದು. ಕ್ಯಾರಿಯರ್ (ಮಾತಿಲ್ಲದ ಬರೀ ಅಲೆ) ಕೊಟ್ಟು ಟ್ಯೂನ್ ಒತ್ತಿ. ರಿಲೇಗಳ ಟಕಟಕ ನಿಂತ ಮೇಲೆ ಎಸ್‌ಡಬ್ಲ್ಯುಆರ್ 1.5ರ ಒಳಗಿದ್ದರೆ ಮಾತ್ರ ಪವರ್ ಏರಿಸಿ. ಪೂರ್ತಿ ಪವರ್‌ನಲ್ಲಿ ಟ್ಯೂನ್ ಮಾಡಿದರೆ ರಿಲೇಗಳ ಸಂಪರ್ಕಗಳು ಸುಟ್ಟುಹೋಗುತ್ತವೆ, ಇಲ್ಲವೇ ಅಂಟಿಕೊಳ್ಳುತ್ತವೆ.

ಹೆಚ್ಚಿನವರು ಎಡವುವುದು ಟ್ಯೂನರ್ ಇಡುವ ಜಾಗದಲ್ಲಿ. 28 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ತೆಳು ಕೋಯಾಕ್ಸ್‌ಗೆ (ರೇಡಿಯೊದಿಂದ ಆಂಟೆನಾಗೆ ಹೋಗುವ ಕೇಬಲ್), ಹೊಂದಿಕೆ ಸರಿಯಿದ್ದಾಗಲೂ, ಸುಮಾರು 2.4 ಡೆಸಿಬೆಲ್ ನಷ್ಟ. ಆಂಟೆನಾ ತುದಿಯಲ್ಲಿ ಎಸ್‌ಡಬ್ಲ್ಯುಆರ್ 10 ಇದ್ದರೆ ನಷ್ಟ 6 ಡೆಸಿಬೆಲ್‌ಗೆ ಏರುತ್ತದೆ: 100 ವಾಟ್‌ನಲ್ಲಿ ಆಂಟೆನಾ ತಲುಪುವುದು 25. ಆದರೂ ಕೇಬಲ್ ನಷ್ಟವೇ ಹಿಂದಿರುಗುವ ಅಲೆಯನ್ನು ತಿಂದುಹಾಕುವುದರಿಂದ ಮೇಜಿನ ಬಳಿ ಎಸ್‌ಡಬ್ಲ್ಯುಆರ್ 2.8 ಮಾತ್ರ ಕಾಣುತ್ತದೆ, ಟ್ಯೂನರ್ ಅದನ್ನು ಸಲೀಸಾಗಿ 1ಕ್ಕೆ ತರುತ್ತದೆ. ಆ 1 ನಂಬಬೇಡಿ. ತಂತಿ ಶುರುವಾಗುವಲ್ಲೇ ಟ್ಯೂನರ್ ಕೂರಿಸಿದರೆ ಸುಮಾರು 57 ವಾಟ್ ಸಿಗುತ್ತದೆ.

ತಂತಿಯ ಉದ್ದವೂ ಮುಖ್ಯ. 20 ಮೀಟರ್ ತಂತಿ 7.1ರಲ್ಲಿ ಅರ್ಧ ಅಲೆಯುದ್ದ. ತುದಿಯಲ್ಲಿ ಸಾವಿರಾರು ಓಂ, ಟ್ಯೂನರ್ ಕೈಚೆಲ್ಲುತ್ತದೆ. 12.5 ಮೀಟರ್ ಇಟ್ಟರೆ 7ರಿಂದ 28ರವರೆಗಿನ ಯಾವ ಹವ್ಯಾಸಿ ಬ್ಯಾಂಡ್‌ನಲ್ಲೂ ಅದು ಅರ್ಧ ಅಲೆಯ ಗುಣಕವಾಗದು. ಟ್ಯೂನರ್‌ನ ಗ್ರೌಂಡ್ ತಿರುಪಿಗೆ ಕೆಲವು ಮೀಟರ್ ಉದ್ದದ ನಾಲ್ಕೈದು ತಂತಿ ಕಟ್ಟಿ ನೆಲದ ಮೇಲೆ ಹರಡಿ. ಅವಿಲ್ಲದಿದ್ದರೆ ಕೋಯಾಕ್ಸ್‌ನ ಹೊರಪದರವೇ ಗ್ರೌಂಡ್‌ನ ಕೆಲಸಕ್ಕಿಳಿಯುತ್ತದೆ, ಮೈಕ್ ಮುಟ್ಟಿದರೆ ಚುರ್ ಎನ್ನುತ್ತದೆ. ಆಗ ಟ್ಯೂನರ್ ಹತ್ತಿರವೇ ಕೋಯಾಕ್ಸನ್ನು ದೊಡ್ಡ ಫೆರೈಟ್ ರಿಂಗ್‌ಗೆ ಹತ್ತು ಸುತ್ತು ಸುತ್ತಿ.

ಮಳೆಯಲ್ಲಿ ತಂತಿ ನೆನೆದರೆ ಹಳೆಯ ನೆನಪು ಹೊಂದದಿರಬಹುದು, ಮತ್ತೆ ಟ್ಯೂನ್ ಮಾಡಿ. ಒಣಗಿದ ಮೇಲೂ ಹೊಂದದಿದ್ದರೆ ಆಂಟೆನಾ ಕಳಚಿ 50 ಓಂ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಹಾಕಿ ನೋಡಿ. ಅಲ್ಲೂ ಎಸ್‌ಡಬ್ಲ್ಯುಆರ್ ಇಳಿಯದಿದ್ದರೆ ಮೊದಲು ಅಂಟಿಕೊಂಡ ರಿಲೇ ಹುಡುಕಿ.