ಮಾತಾಡಿದರೂ ಒಡೆಯದ ಪುಟ್ಟ ತುಟಿ

ನಮ್ಮ ನಾಟಕದ ಗೊಂಬೆ ಪಾತ್ರದ ಮೇಕಪ್ಪಿಗೆ ಬಾಯಿಯ ಮೂರರಲ್ಲೊಂದು ಭಾಗದಷ್ಟೇ ತುಟಿ ಬರೆಯುತ್ತೇನೆ ಅಂದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. ಫೋಟೊಗಾದರೆ ಸರಿ, ನಾಟಕವಿಡೀ ಮಾತಾಡುವ ಪಾತ್ರಕ್ಕೆ ನಡೆಯಲ್ಲ, ಬಾಯಿ ತೆಗೆದ ಕೂಡಲೇ ಒಳಗಿನ ತುಟಿ ಇಣುಕುತ್ತೆ ಅಂದರು. ಈಗ ಪರದೆ ಬೀಳುವವರೆಗೂ ನಿಲ್ಲುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಕಾರ ಬರೆಯುವುದು ನಮಗೇನು ಹೊಸದಲ್ಲ. ಉಳಿದ ತುಟಿಯನ್ನು ಅಳಿಸುವುದೇ ಕೆಲಸ. ಮೊದಲು ದಪ್ಪಗೆ ಗ್ರೀಸ್ ಪೇಂಟ್ (ಜಿಡ್ಡಿನ ಮೇಕಪ್ ಬಣ್ಣ) ಮೆತ್ತಿದೆ. ಹತ್ತು ನಿಮಿಷದೊಳಗೆ ಬಾಯಿಯ ಮೂಲೆಗೆ ಸರಿದು ಕೂತಿತು. ಆಮೇಲೆ ದುಬಾರಿ ಆಲ್ಕೋಹಾಲ್ ಪ್ಯಾಲೆಟ್, ಅಂದರೆ ಆಲ್ಕೋಹಾಲಿನಲ್ಲಿ ಕರಗಿಸಿ ಹಚ್ಚುವ ಬಣ್ಣಗಳ ಪೆಟ್ಟಿಗೆ. ಬಣ್ಣವೇನೋ ಹಿಡಿಯಿತು, ಆದರೆ ತುಟಿ ಒಣಗಿ ಸಿಪ್ಪೆಯೇ ಎದ್ದು ಬಂತು. ನಟಿ ನನ್ನ ಜೊತೆ ಮಾತು ಬಿಟ್ಟಳು. ಆ ಪ್ಯಾಲೆಟ್‌ಗೆ ಸುರಿದ ದುಡ್ಡಲ್ಲಿ ಇಡೀ ನಾಟಕದ ಪೌಡರು, ಪೆನ್ಸಿಲ್ಲು ಎಲ್ಲ ಬರುತ್ತಿತ್ತು. ಈಗ ಗಾಯದ ಮೇಕಪ್ಪಿಗೆ ಬಳಸುತ್ತಿದ್ದೇನೆ, ಪೂರ್ತಿ ದಂಡವಾಗಲಿಲ್ಲ.

ಕೊನೆಗೆ ಕೈ ಹಿಡಿದದ್ದು ತೆಳು ಪದರ. ಲಿಪ್ ಬಾಮ್ ಹಚ್ಚಿ ಕಾಲು ಗಂಟೆ ಬಿಟ್ಟು, ಜಿಡ್ಡೇ ಇಲ್ಲದಂತೆ ಒರೆಸಿ. ಮೇಲೆ ತುಟಿಯ ಕಪ್ಪನ್ನು ಮರೆಸುವ ಕಿತ್ತಳೆ ಕರೆಕ್ಟರ್, ಪೌಡರ್, ಫೌಂಡೇಶನ್, ಮತ್ತೆ ಪೌಡರ್. ತುಟಿ ಕಪ್ಪಗಿದ್ದರೆ ಬರೀ ಫೌಂಡೇಶನ್ ಬೂದುಬೂದಾಗಿ ಕಾಣುತ್ತೆ, ಕರೆಕ್ಟರ್ ಬಿಡಬೇಡಿ. ಎಲ್ಲವನ್ನೂ ಸ್ಪಾಂಜಿನಿಂದ ಒತ್ತಬೇಕು, ಎಳೆಯಬಾರದು. ಒಳ ಅಂಚಿನ ಒದ್ದೆ ಜಾಗಕ್ಕೆ ಮಾತ್ರ ಫೌಂಡೇಶನ್ ಒಯ್ಯಲೇಬೇಡಿ, ಬಿರುಕು ಶುರುವಾಗುವುದೇ ಅಲ್ಲಿಂದ. ನಟಿಗೆ ‘ಓ’ ಅನ್ನಲು ಹೇಳಿ, ಬಾಯಿ ತೆರೆದಿರುವಾಗಲೇ ಗಡಿ ಗುರುತು ಮಾಡಿಕೊಳ್ಳುತ್ತೇನೆ. ಆ ಗಡಿಗೆ ಏನು ಸವರುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಪೆಟ್ಟಿಗೆಯಲ್ಲೇ ಇರಲಿ.

ಮೂಕಿ ಚಿತ್ರಗಳ ಕಾಲದಲ್ಲಿ ಹಾಲಿವುಡ್ಡಿನ ಮೇಕಪ್ ಕಲಾವಿದ ಮ್ಯಾಕ್ಸ್ ಫ್ಯಾಕ್ಟರ್ ಹೆಬ್ಬೆರಳಿನಿಂದ ಮೇಲ್ದುಟಿಗೆ ಎರಡು ಒತ್ತು, ಕೆಳದುಟಿಗೆ ಒಂದು ಒತ್ತು ಕೊಟ್ಟು ಇಂಥ ತುಟಿ ಮಾಡುತ್ತಿದ್ದನಂತೆ. ನಾನೂ ಒತ್ತಿ ನೋಡಿದೆ. ಕನ್ನಡಿಯಲ್ಲಿ ಚೆಂದವೋ ಚೆಂದ, ಕೊನೇ ಸಾಲಿನಿಂದ ಬರೀ ಕೆಂಪು ಮಚ್ಚೆ. ಸಿನಿಮಾದಲ್ಲಿ ಕ್ಯಾಮೆರಾ ಹತ್ತಿರ ಬರುತ್ತೆ, ಶಾಟ್ ಮುಗಿದ ಮೇಲೆ ತಿದ್ದಲೂಬಹುದು. ನಮಗೆ ಅಂಚೇ ಗತಿ. ಹಾಗಾಗಿ ಕಡು ಕಂದು ಪೆನ್ಸಿಲಿನಲ್ಲಿ ಮೇಲ್ದುಟಿಗೆ ಚೂಪು ಬಿಲ್ಲು, ಕೆಳಗೆ ಸಣ್ಣ ಅರ್ಧಚಂದ್ರ, ಒಳಗೆ ಕೆಂಪು. ಟಿಶ್ಯೂ ಬಿಡಿಸಿ ಒಂದೇ ಪದರ ಮೇಲಿಟ್ಟು, ಅದರ ಮೇಲಿಂದ ಪೌಡರ್ ತಟ್ಟಿ.

ಲೈಟಿನವರನ್ನು ಮೊದಲೇ ಮಾತಾಡಿಸಿಕೊಳ್ಳಿ. ಹಸಿರು ಬೆಳಕಿನಲ್ಲಿ ಈ ಕೆಂಪು ಕಪ್ಪಾಗುತ್ತೆ, ದೀಪಕ್ಕೆ ಕೆಂಪು ಜೆಲ್ (ಬಣ್ಣದ ಹಾಳೆ) ಹಾಕಿದರೆ ತುಟಿಯೇ ಮಾಯ. ನಮ್ಮ ಕೊನೇ ದೃಶ್ಯವಿಡೀ ಕೆಂಪು. ಮಾನ ಉಳಿಸಿದ್ದು ಕಂದು ಅಂಚು.

ನೀರು ಕುಡಿಯಲು ಸ್ಟ್ರಾ, ಇದು ಎಲ್ಲರಿಗೂ ಗೊತ್ತು. ನನ್ನ ಪರೀಕ್ಷೆ ಬೇರೆ: ಪ, ಬ, ಮ ತುಂಬಿದ ಸಂಭಾಷಣೆಯನ್ನು ಗ್ರೀನ್ ರೂಮಿನಲ್ಲೇ ಗಟ್ಟಿಯಾಗಿ ಹೇಳಿಸುತ್ತೇನೆ. ಎರಡು ತುಟಿ ಕೂಡಿದಲ್ಲೆಲ್ಲ ಫೌಂಡೇಶನ್‌ಗೆ ಪೆಟ್ಟು. ಅಲ್ಲಿ ಬಿಟ್ಟುಕೊಂಡರೆ ಪೂರ್ತಿ ಒರೆಸಿ ಮೊದಲಿಂದ ಮಾಡಿ; ತೇಪೆ ಹಾಕಿದರೆ ಎರಡನೇ ಅಂಕದಲ್ಲಿ ಕೈ ಕೊಡುತ್ತದೆ.