ಮೊದಲು ಮಟ್ಟ, ಆಮೇಲೆ ಗುದ್ದಲಿ: ಇಳಿಜಾರಿನ ಹೊಲದಲ್ಲಿ ಮಣ್ಣು ಉಳಿಸಿಕೊಳ್ಳುವ ಬಗೆ

ಇಳಿಜಾರಿನ ಹೊಲಕ್ಕೆ ಬದು ಹಾಕಲು ಹೊರಡುವವರಲ್ಲಿ ಬಹುಪಾಲು ಮಂದಿ ಕಣ್ಣಂದಾಜಿನಲ್ಲೇ ಗೆರೆ ಎಳೆದು ಗುದ್ದಲಿ ಹಿಡಿಯುತ್ತಾರೆ. ಮೊದಲ ಜಡಿಮಳೆಗೆ ನೀರು ಬದುವಿನ ಗುಂಟ ಹರಿದು ತಗ್ಗಿದ್ದ ಕಡೆ ಒಟ್ಟಾಗುತ್ತದೆ, ಅಲ್ಲೇ ಬದು ಒಡೆಯುತ್ತದೆ. ಹಾಗೆ ನುಗ್ಗಿದ ನೀರು ಕೆಳಗಿನ ಬದುವನ್ನೂ ಕಿತ್ತುಕೊಂಡು ಹೋಗುತ್ತದೆ. ಸುಮ್ಮನೆ ಬಿಟ್ಟಿದ್ದರೆ ತೆಳ್ಳಗೆ ಹರಡಿ ಹರಿಯುತ್ತಿದ್ದ ನೀರಿಗೆ ನಾವೇ ಕೊರಕಲು ತೋಡಿಕೊಟ್ಟಂತಾಯಿತು. ಮಟ್ಟ ತಪ್ಪಿದ ಬದುವಿಗಿಂತ ಬದುವೇ ಇಲ್ಲದಿರುವುದು ಮೇಲು.

ಮಟ್ಟ ನೋಡಲು ದುಬಾರಿ ಉಪಕರಣ ಬೇಡ. ತಲಾ 2 ಮೀಟರ್ ಉದ್ದದ ಎರಡು ನೇರ ಕೋಲುಗಳ ತುದಿಗಳನ್ನು ಸೇರಿಸಿ ಬಿಗಿಯಾಗಿ ಕಟ್ಟಿ. ಕೆಳಗೆ ಕಾಲುಗಳ ನಡುವೆ 2 ಮೀಟರ್ ಅಂತರವಿರಲಿ. ಅರ್ಧ ಎತ್ತರದಲ್ಲಿ ಒಂದು ಅಡ್ಡಪಟ್ಟಿ ಕಟ್ಟಿ, ಮೇಲಿನ ಗಂಟಿನಿಂದ ದಾರವೊಂದನ್ನು ಅಡ್ಡಪಟ್ಟಿಗಿಂತ ಕೆಳಗೆ ಬರುವಂತೆ ಇಳಿಬಿಟ್ಟು, ತುದಿಗೆ ಭಾರದ ಕಲ್ಲು ಕಟ್ಟಿ. ಇದೇ ಎ-ಚೌಕಟ್ಟು. ಮೊಬೈಲ್‌ನ ಮಟ್ಟ ತೋರಿಸುವ ಆ್ಯಪ್‌ ನಂಬಿ ಗೂಟ ಹೊಡೆಯಬೇಡಿ. ಅಂಗೈಯಗಲದ ಸಾಧನದಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಹೊಲದ ಆ ತುದಿಗೆ ಹೋಗುವಷ್ಟರಲ್ಲಿ ಅದು ಗೇಣಾಗಿರುತ್ತದೆ. ನೀರು ತುಂಬಿದ ಪಾರದರ್ಶಕ ಕೊಳವೆ ಬಳಸುವುದಾದರೆ ಅಡ್ಡಿಯಿಲ್ಲ, ಒಳಗೆ ಗಾಳಿಗುಳ್ಳೆ ಉಳಿಯದಿದ್ದರೆ ಸಾಕು.

ಜನ ಎಡವುವುದು ಮುಂದಿನ ಹಂತದಲ್ಲಿ. ಅಡ್ಡಪಟ್ಟಿಯ ಮಧ್ಯವನ್ನು ಟೇಪಿನಲ್ಲಿ ಅಳೆದು ಗುರುತು ಹಾಕಿಬಿಡುತ್ತಾರೆ. ಕೋಲುಗಳು ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿರುವುದಿಲ್ಲವಾದ್ದರಿಂದ ಆ ಗುರುತು ಸುಳ್ಳು. ಚೌಕಟ್ಟನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಎರಡೂ ಕಾಲು ಊರಿದ ಜಾಗಕ್ಕೆ ಚಪ್ಪಟೆ ಕಲ್ಲು ಹುಗಿದು ಗುರುತಿಡಿ. ದಾರ ಅಲುಗಾಡುವುದು ನಿಂತ ಮೇಲೆ ಅದು ಪಟ್ಟಿಯನ್ನು ಮುಟ್ಟಿದ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಈಗ ಚೌಕಟ್ಟನ್ನು ತಿರುಗಿಸಿ, ಎಡಗಾಲಿದ್ದ ಕಲ್ಲಿನ ಮೇಲೆ ಬಲಗಾಲು, ಬಲಗಾಲಿದ್ದಲ್ಲಿ ಎಡಗಾಲು ಇಡಿ. ಮತ್ತೊಂದು ಗೆರೆ. ಈ ಎರಡು ಗೆರೆಗಳ ನಡುಮಧ್ಯವೇ ನಿಜವಾದ ಮಟ್ಟ. ಅಲ್ಲಿ ಚಾಕುವಿನಿಂದ ಕಚ್ಚು ಮಾಡಿ, ಪೆನ್ಸಿಲ್ ಗೆರೆಗಳನ್ನು ಅಳಿಸಿಹಾಕಿ. ಗಾಳಿ ಬೀಸುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಗೆರೆ ಗುರುತಿಸುವುದನ್ನು ಹೊಲದ ಮೇಲ್ತುದಿಯಿಂದ ಶುರು ಮಾಡಿ. ಅಲ್ಲಿ ಮೊದಲ ಗೂಟ ಹೊಡೆದು, ಚೌಕಟ್ಟಿನ ಒಂದು ಕಾಲನ್ನು ಅದರ ಬುಡದಲ್ಲಿ ಊರಿ, ಇನ್ನೊಂದನ್ನು ಇಳಿಜಾರಿನ ಮೇಲಕ್ಕೂ ಕೆಳಕ್ಕೂ ಸರಿಸುತ್ತ ಬನ್ನಿ. ದಾರ ಕಚ್ಚಿನ ಮೇಲೆ ನಿಂತ ಕಡೆ ಎರಡನೆಯ ಗೂಟ. ಈಗ ಚೌಕಟ್ಟನ್ನು ಎತ್ತಿಕೊಂಡು ಮುಂದೆ ಇಡಬೇಡಿ. ಮುಂದಿನ ಕಾಲನ್ನು ಅಲ್ಲೇ ಉಳಿಸಿ, ಹಿಂದಿನ ಕಾಲನ್ನು ಸುತ್ತಿಸಿ ಮುಂದಕ್ಕೆ ತನ್ನಿ. ಹೀಗೆ ಕಾಲುಗಳು ಅದಲುಬದಲಾಗುತ್ತಿದ್ದರೆ ಚೌಕಟ್ಟಿನಲ್ಲಿ ಉಳಿದಿರುವ ಚಿಕ್ಕ ದೋಷ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೋಗಿ ಅಲ್ಲಲ್ಲೇ ವಜಾ ಆಗುತ್ತದೆ. ಒಂದೇ ಕಾಲು ಸದಾ ಮುಂದಿದ್ದರೆ ದೋಷ ಕೂಡುತ್ತಲೇ ಹೋಗುತ್ತದೆ. ಕಲ್ಲಿನ ಮೇಲೋ ಹಳೆಯ ಉಳುಮೆಯ ಸಾಲಿನೊಳಗೋ ಕಾಲು ಊರಿದರೆ ಎಲ್ಲ ವ್ಯರ್ಥ. ಸಾಲು ಮುಗಿದ ಮೇಲೆ ದೂರ ನಿಂತು ನೋಡಿ, ಒಂಟಿಯಾಗಿ ಸೊಟ್ಟಗೆ ನಿಂತ ಗೂಟಗಳನ್ನು ತುಸು ಸರಿಸಿ ಬಾಗನ್ನು ನಯ ಮಾಡಿಕೊಳ್ಳಬಹುದು. ಚೆಂದ ಕಾಣಲೆಂದು ನೇರ ಮಾಡಲು ಹೋಗಬೇಡಿ, ಗುಡ್ಡ ನೇರವಾಗಿಲ್ಲ.

ಮುಂದಿನ ಸಾಲು ಎಷ್ಟು ಕೆಳಗೆ? ಜೊತೆಗಾರರೊಬ್ಬರು ಇಳಿಜಾರಿನಲ್ಲಿ ಇಳಿಯುತ್ತ ಹೋಗಿ, ಮೇಲಕ್ಕೆ ಮುಖ ಮಾಡಿ, ತಲೆ ಎತ್ತದೆ ತಗ್ಗಿಸದೆ ನೋಡಿದಾಗ ಮೇಲಿನ ಗೂಟದ ಬುಡ ಕಣ್ಣಿನ ಮಟ್ಟಕ್ಕೆ ಸಿಕ್ಕಲ್ಲಿ ನಿಲ್ಲಲಿ. ಅದು ಅಂದಾಜು ಒಂದೂವರೆ ಮೀಟರ್ ಇಳಿತ. ನೂರು ಮೀಟರಿಗೆ 20 ಮೀಟರ್ ಇಳಿಯುವ ಜಾಗದಲ್ಲಿ ಸಾಲುಗಳ ಅಂತರ ಏಳೂವರೆ ಮೀಟರ್ ಆಗುತ್ತದೆ, ಕಡಿದಾದ ಕಡೆ ಇನ್ನೂ ಕಡಿಮೆ. ನಿಂತುಕೊಳ್ಳಲೂ ಕಷ್ಟವಾಗುವಷ್ಟು ಕಡಿದಾದ ಜಾಗವನ್ನು ಉಳುವ ಆಸೆ ಬಿಟ್ಟು ಮರಗಳಿಗೆ ಒಪ್ಪಿಸಿ.

ಅಗೆತ ಸುಲಭ. ಗೂಟಗಳ ಗುಂಟ ಅರ್ಧ ಮೀಟರ್ ಅಗಲ, ಅಷ್ಟೇ ಆಳದ ಕಾಲುವೆ ತೋಡಿ. ಮಣ್ಣನ್ನು ಮೇಲ್ಬದಿಗೆ ಎಸೆಯುವುದೇ ನನಗೆ ಸರಿ ಕಾಣುತ್ತದೆ. ಕೆನ್ಯಾದಲ್ಲಿ ಹೆಸರಾದ ಫನ್ಯಾ ಜೂ ಪದ್ಧತಿ ಇದೇ. ದುಡಿಮೆ ಹೆಚ್ಚು ಬೇಡುತ್ತದೆ, ಆದರೆ ಕೊಚ್ಚಿಬರುವ ಮಣ್ಣು ಬದುವಿನ ಹಿಂದೆ ತಂಗಿ, ವರ್ಷಗಳಲ್ಲಿ ತಾನಾಗಿ ಮೆಟ್ಟಿಲು ಹೊಲವಾಗುತ್ತದೆ. ಬದುವಿಗೂ ಕಾಲುವೆಗೂ ನಡುವೆ ಗೇಣಗಲ ಜಾಗ ಬಿಡಿ, ಪದರ ಪದರವಾಗಿ ದಮ್ಮಸ್ಸು ಮಾಡಿ.

ಮಣ್ಣು ಕುಸಿದ ಗುರುತಿರುವ, ಬಿರುಕು ಬಿಟ್ಟ ಗುಡ್ಡದಲ್ಲಿ ಮಾತ್ರ ನೀರು ಇಂಗಿಸುವ ಕಾಲುವೆ ಬೇಡವೇ ಬೇಡ. ಇಂಗಿದ ನೀರೇ ಮತ್ತೆ ಕುಸಿತಕ್ಕೆ ದಾರಿಯಾಗುತ್ತದೆ. ಅಲ್ಲಿ ನೀರನ್ನು ನಿಧಾನವಾಗಿ ಹೊರಗೆ ಸಾಗಿಸಬೇಕು. ಹೊಲದ ನೆತ್ತಿಯಲ್ಲಿ ಮೇಲಿನಿಂದ ಬರುವ ನೀರನ್ನು ತಡೆದು ತಿರುಗಿಸುವ ಕಾಲುವೆಗೂ ಇದೇ ಲೆಕ್ಕ. ಗೆರೆ ಗುರುತಿಸುವಾಗ ನೀರು ಹೋಗಬೇಕಾದ ಕಡೆಯ ಕಾಲಿನಡಿ ಪ್ರತಿ ಸಲವೂ 1 ಸೆಂಟಿಮೀಟರ್ ದಪ್ಪದ ಮರದ ತುಂಡು ಇಟ್ಟರೆ, ನೂರು ಮೀಟರಿಗೆ ಅರ್ಧ ಮೀಟರ್ ಇಳಿತ ಸಿಗುತ್ತದೆ. ಕೋಡಿ ಬೀಳುವ ಜಾಗದಲ್ಲಿ ಮೊದಲೇ ಹುಲ್ಲು ಬೆಳೆದಿರಬೇಕು. ನೆರೆಯವರ ಹೊಲಕ್ಕೆ ತಿರುಗಿಸಿ ಕೈ ತೊಳೆದುಕೊಂಡರೆ ಮಣ್ಣಿನ ಜೊತೆ ಸ್ನೇಹವೂ ಕೊಚ್ಚಿಹೋಗುತ್ತದೆ.

ಬದುವಿನ ಮೇಲೆ ಲಾವಂಚ ಹಾಕಿ. ಬೇರು ಅಗಲಕ್ಕೆ ಹರಡದೆ ನೇರ ಆಳಕ್ಕಿಳಿಯುವುದರಿಂದ ಬೆಳೆಗೆ ಪೈಪೋಟಿ ಕಡಿಮೆ. ಬೀಜದ ಪೊಟ್ಟಣ ಮಾರಲು ಬಂದವರನ್ನು ಹಾಗೇ ಕಳುಹಿಸಿಬಿಡಿ, ಲಾವಂಚವನ್ನು ಬೆಳೆಸುವುದು ಬುಡ ಸೀಳಿದ ಸಸಿಗಳಿಂದ. ಮಳೆಗಾಲದ ಆರಂಭದಲ್ಲಿ 10ರಿಂದ 15 ಸೆಂಟಿಮೀಟರ್‌ಗೊಂದರಂತೆ ನೆಡಿ. ಒಂದು ಸಸಿ ಸತ್ತರೂ ಆ ಸಂದಿಯಲ್ಲೇ ನೀರು ನುಗ್ಗುವುದರಿಂದ ಸತ್ತದ್ದರ ಜಾಗಕ್ಕೆ ಕೂಡಲೇ ಇನ್ನೊಂದನ್ನು ತುಂಬಬೇಕು.

ಉಳುಮೆ, ಬಿತ್ತನೆ ಎಲ್ಲವೂ ಇಳಿಜಾರಿಗೆ ಅಡ್ಡಲಾಗಿರಲಿ. ಕಳೆಯನ್ನು ಬುಡಸಮೇತ ಕೀಳದೆ ಕುಡುಗೋಲಿನಿಂದ ಕೊಯ್ದು ಅಲ್ಲೇ ಹೊದಿಸಿ. ಮಣ್ಣನ್ನು ಮೊದಲು ಸಡಿಲಿಸುವುದು ಹರಿಯುವ ನೀರಲ್ಲ, ಬರಿ ನೆಲಕ್ಕೆ ಬಡಿಯುವ ಮಳೆಹನಿ. ಕಳೆನಾಶಕ ಸಿಂಪಡಿಸಿ ನೆಲವನ್ನು ಬೋಳು ಮಾಡಿಟ್ಟು ಬದುವಿಗೆ ಬೆವರು ಸುರಿಸುವುದರಲ್ಲಿ ಅರ್ಥವಿಲ್ಲ.

ಮೊದಲ ದೊಡ್ಡ ಮಳೆ ಬರುವಾಗ ಗುದ್ದಲಿ ಹಿಡಿದು ಹೊಲಕ್ಕೇ ಹೋಗಿ. ನೀರು ಎಲ್ಲಿ ಮಡುಗಟ್ಟುತ್ತಿದೆಯೋ ಅಲ್ಲಿ ಗೂಟ ತಪ್ಪಿದೆ ಎಂದೇ ಲೆಕ್ಕ. ಆ ಭಾಗದ ಬದುವನ್ನು ಮಳೆ ನಿಂತೊಡನೆ ಎತ್ತರಿಸಿ, ಮತ್ತೆ ದಮ್ಮಸ್ಸು ಮಾಡಿ.