ಮನೆಯನ್ನೇ ಓಡಿಸಿಕೊಂಡು ನ್ಯೂಜಿಲೆಂಡ್ ಸುತ್ತಿದ್ದು

ಕ್ರೈಸ್ಟ್‌ಚರ್ಚ್‌ನಲ್ಲಿ ಮೋಟರ್‌ಹೋಮ್, ಅಂದರೆ ಅಡುಗೆ, ಮಲಗುವ ಜಾಗ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿ, ಬಾಡಿಗೆಗೆ ತಗೊಂಡು ಹೊರಟು ಹತ್ತು ನಿಮಿಷ ಆಗಿರಲಿಲ್ಲ. ರೌಂಡ್‌ಅಬೌಟ್‌ನಲ್ಲಿ ತಿರುಗಿಸಿದೆ, ಹಿಂದೆ ಧಡಾರ್ ಅಂತ ಸದ್ದು. ಅಡುಗೆ ಜಾಗದ ಡ್ರಾಯರ್ ತೆರೆದುಕೊಂಡು ತಟ್ಟೆ, ಚಮಚ ಎಲ್ಲ ಅಮ್ಮನ ಕಾಲ ಬುಡಕ್ಕೆ ಬಿದ್ದಿದ್ದವು. "ನಿಧಾನ ಕಣೋ" ಅಂದರು ಅಮ್ಮ. ನಿಧಾನವಾಗಿಯೇ ಇದ್ದೆ. ಡ್ರಾಯರ್‌ನ ಗುಂಡಿ ಒತ್ತಿ ಲಾಕ್ ಮಾಡಿರಲಿಲ್ಲ.

ಅವತ್ತಿನಿಂದ ಹೊರಡುವ ಮುಂಚೆ ಹೆಂಡತಿ ಒಳಗೆ ಒಂದು ಸುತ್ತು, ನಾನು ಹೊರಗೆ ಒಂದು ಸುತ್ತು. ಅವಳದು ಡ್ರಾಯರ್, ಫ್ರಿಜ್ ಬಾಗಿಲು, ಮಾಡಿನ ಕಿಟಕಿ. ನನ್ನದು ಗ್ಯಾಸ್ ವಾಲ್ವ್, ಕರೆಂಟ್ ವೈರ್, ಮೆಟ್ಟಿಲು.

ಓಡಿಸುವುದು ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ಅಲ್ಲೂ ನಮ್ಮ ಹಾಗೆ ಎಡಗಡೆಯೇ. ನನ್ನ ಡಿಎಲ್ ಇಂಗ್ಲಿಷ್‌ನಲ್ಲಿದ್ದುದರಿಂದ ಅದೇ ನಡೆಯಿತು. ಆದರೆ ಗಾಡಿ 7 ಮೀಟರ್ ಉದ್ದ. ಹಿಂದಿನ ಚಕ್ರದ ಆಚೆಗೂ ಇನ್ನಷ್ಟು ಮೈ ಇರುತ್ತದೆ. ಬಲಕ್ಕೆ ಜೋರಾಗಿ ತಿರುಗಿಸಿದರೆ ಬಾಲ ಎಡಕ್ಕೆ ಹೊರಳುತ್ತದೆ. ಪೆಟ್ರೋಲ್ ಬಂಕಿನಿಂದ ಹೊರಡುವಾಗ ಇದು ನೆನಪಿರಲೇಬೇಕು. ಇನ್ನೊಂದು, ಅಲ್ಲಿ ಡೀಸೆಲ್ ಅಗ್ಗ ಅಂತ ಖುಷಿಪಡಬೇಡಿ. ರಸ್ತೆ ತೆರಿಗೆಯನ್ನು ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಬೇರೆಯಾಗಿ ಕಟ್ಟಬೇಕು.

ಟೆಕಾಪೊ, ಪುಕಾಕಿ ಸರೋವರ ದಾಟಿ ಮೌಂಟ್ ಕುಕ್ ಬುಡಕ್ಕೆ ಹೋದೆವು. ಅಲ್ಲಿನ ಗಾಳಿ ಬಗ್ಗೆ ಹೇಳಲೇಬೇಕು. ನಿಂತ ಮೇಲೆ ಅಪ್ಪ ಬಾಗಿಲು ತೆಗೆದರು, ಅದು ಅವರ ಕೈಯಿಂದ ಕಿತ್ತುಕೊಂಡು ಹೋಗಿ ಗಾಡಿಯ ಮೈಗೆ ಬಡಿಯಿತು. ಕೀಲು ಸ್ವಲ್ಪ ಬಾಗಿತು. ಸಾಮಾನ್ಯವಾಗಿ ಇಂಥ ಹಾನಿಗೆ ಗಾಡಿ ಬಾಡಿಗೆಗೆ ಕೊಟ್ಟವರು ದುಡ್ಡು ಹಿಡಿಯುತ್ತಾರೆ, ನಮ್ಮದರಲ್ಲೂ ಹಿಡಿದರು. ಆಮೇಲೆ ಗಾಳಿಗೆ ಮುಖ ಮಾಡಿ ಗಾಡಿ ನಿಲ್ಲಿಸುತ್ತಿದ್ದೆ. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದೇ ತೆಗೆಯುತ್ತಿದ್ದೆವು.

ಪಶ್ಚಿಮ ಕರಾವಳಿ ಕಡೆ ಒಂದೇ ಗಾಡಿ ಹೋಗುವ ಸೇತುವೆಗಳು ಜಾಸ್ತಿ. ಸೇತುವೆಯ ಮುಂದೆ ಬಾಣಗಳಿರುವ ಕೆಂಪು ಅಂಚಿನ ದುಂಡು ಬೋರ್ಡು ಕಂಡರೆ ಎದುರಿನ ಗಾಡಿಗೆ ನಾವು ದಾರಿ ಬಿಡಬೇಕು. ನೀಲಿ ಬೋರ್ಡಿನಲ್ಲಿ ದೊಡ್ಡ ಬಿಳಿ ಬಾಣ ನಮ್ಮ ಕಡೆಯದ್ದಾದರೆ ನಾವು ಮೊದಲು. ಹಾಸ್ಟ್ ನದಿಯ ಸೇತುವೆ 737 ಮೀಟರ್ ಉದ್ದ. ನಡುವೆ ಪಕ್ಕಕ್ಕೆ ಸರಿದು ನಿಲ್ಲಲು ಜಾಗ ಬಿಟ್ಟಿದ್ದಾರೆ. ಹೆಂಡತಿ ಪಕ್ಕದಲ್ಲಿ ಕೂತು "ರೀ, ಎದುರಿಗೆ ಲೈಟು" ಅಂದಳು. ಹೋಗಿ ಆ ಜಾಗದಲ್ಲಿ ನಿಂತೆ. ಎದುರಿನ ಲಾರಿಯವನು ಕೈ ಎತ್ತಿ ಹೋದ. ಹಿಂದೆ ಕಾರು ಸಾಲುಗಟ್ಟಿದಾಗಲೂ ಹಾಗೇ ಪಕ್ಕಕ್ಕೆ ಸರಿದು ಬಿಡಬೇಕು. ಆ ಜನ ದಿನಾ ಕೆಲಸಕ್ಕೆ ಓಡಾಡುವ ರಸ್ತೆ ಅದು, ಅಲ್ವಾ?

ಇನ್ನು ಎಲ್ಲರೂ ಕೇಳಲು ಸಂಕೋಚಪಡುವ ವಿಷಯ, ಟಾಯ್ಲೆಟ್. ಅದರ ಕೆಳಗೆ ಸೂಟ್‌ಕೇಸಿನಂಥ ಒಂದು ಕ್ಯಾಸೆಟ್ ಇರುತ್ತದೆ, 20 ಲೀಟರ್ ಹತ್ತಿರ ಹಿಡಿಯುತ್ತದೆ. ನಾಲ್ಕು ಜನಕ್ಕೆ ಎರಡು ದಿನವೂ ಕಷ್ಟ. ಕೆಂಪು ದೀಪ ಬರುವ ತನಕ ಕಾಯಬೇಡಿ, ತುಂಬಿದರೆ ಎತ್ತುವುದೇ ಆಗದು. ಹೊರಗಿನ ಬಾಗಿಲಿಂದ ಎಳೆದು ಡಂಪ್ ಸ್ಟೇಷನ್‌ಗೆ, ಅಂದರೆ ಇಂಥ ಕೊಳಚೆ ಸುರಿಯಲೆಂದೇ ಮಾಡಿರುವ ಜಾಗಕ್ಕೆ, ಒಯ್ಯಬೇಕು. ಮೂತಿ ಬಿಚ್ಚಿ, ಸುರಿಯುವಾಗ ಹೆಬ್ಬೆರಳಲ್ಲಿ ಗಾಳಿಯ ಗುಂಡಿ ಒತ್ತಿ ಹಿಡಿಯಬೇಕು. ಒತ್ತದಿದ್ದರೆ ಗಳಗಳ ಅಂತ ಎಗರಿ ಮೈಮೇಲೆ ಬರುತ್ತದೆ. ಎರಡು ಸಲ ತೊಳೆದು, ಒಂದಿಷ್ಟು ನೀರು, ಅದರ ಔಷಧಿ ಹಾಕಿ ವಾಪಸ್ ಇಡಬೇಕು. ಅಲ್ಲಿನ ತೊಳೆಯುವ ನಲ್ಲಿ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ಅಮ್ಮ ಕುಡಿಯುವ ನೀರಿನ ಪೈಪನ್ನು ಆ ಕಡೆ ಬರಲೂ ಬಿಡಲಿಲ್ಲ, ಬೇರೆ ಚೀಲದಲ್ಲಿ ಕಟ್ಟಿಟ್ಟಿದ್ದರು. ಅವರು ಮಾಡಿದ್ದೇ ಸರಿ.

ಮೊದಲ ದಿನ ಅಪ್ಪ ದೂರ ನಿಂತಿದ್ದರು. ಗಾಡಿ ವಾಪಸ್ ಕೊಡುವ ಬೆಳಿಗ್ಗೆ ನಾನು ಎದ್ದು ನೋಡಿದರೆ ಅವರೇ ಗ್ಲೌಸ್ ಹಾಕಿಕೊಂಡು ಕ್ಯಾಸೆಟ್ ಎಳೆಯುತ್ತಿದ್ದರು. "ನೀನು ಗ್ಯಾಸ್ ನೋಡ್ಕೋ, ಇದು ನನಗೆ ಬಿಡು" ಅಂದರು.